ಸಾಬೂದಾಣಿಯಂಥ ಗುಳ್ಳೆಗಳು

ನಿವೃತ್ತಿಯಾಗಿ ಇಷ್ಟು ವರ್ಷಗಳಾದರೂ ರಿಪೋರ್ಟು ಹಿಡಿದು ಮನೆಗೆ ಬರುವ ಹೆಂಗಸರು ನಿಂತಿಲ್ಲ. ಹೊಟ್ಟೆನೋವಿಗೋ ಮುಟ್ಟಿನ ತೊಂದರೆಗೋ ಸ್ಕ್ಯಾನಿಂಗ್ ಮಾಡಿಸಿರುತ್ತಾರೆ. ಅದರಲ್ಲಿ ಎಲ್ಲೋ ಕೆಳಗೆ ‘ನಬೋಥಿಯನ್ ಸಿಸ್ಟ್’ ಎಂದು ಬರೆದಿರುತ್ತದೆ. ಉಳಿದದ್ದೆಲ್ಲ ಸರಿಯಾಗಿದ್ದರೂ ಅದೊಂದು ಸಾಲಿಗೆ ನಿದ್ದೆ ಕಳೆದುಕೊಂಡು ಬಂದಿರುತ್ತಾರೆ. ಮೊನ್ನೆ ಹೀಗೆ ಬಂದ ಹೆಂಗಸಿನ ಜೊತೆಗೆ ಅವಳ ತಂಗಿಯೂ ಇದ್ದಳು. ಅವಳು ಈಗಷ್ಟೇ ಡಾಕ್ಟರ್ ಓದು ಮುಗಿಸಿದವಳು. ‘ನಿಮ್ಮ ಕಾಲದಾಗ ಸ್ಕ್ಯಾನಿಂಗ್ ಇರಲಿಲ್ಲಲ್ರಿ ಸರ, ಇದನ್ನ ಹ್ಯಾಂಗ ಗುರುತು ಹಿಡೀತಿದ್ರಿ?’ ಎಂದು ಕೇಳಿದಳು. ನೇರವಾಗಿ ಉತ್ತರ ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ನನಗೆ ಸುವರ್ಣಾ ಎಂಬ ಹೆಣ್ಣುಮಗಳ ನೆನಪಾಯಿತು. ಪ್ರಶ್ನೆ ಕೇಳಿದ ಆ ಹುಡುಗಿಗಾಗಿಯೂ ಅವಳಂತೆ ಈ ಕೆಲಸಕ್ಕೆ ಬರುವ ಇತರರಿಗಾಗಿಯೂ ಇದನ್ನು ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಪುಣೆಯಲ್ಲಿ ಓದುವಾಗ ಯಾವುದನ್ನೂ ಪುರಾವೆ ಇಲ್ಲದೆ ಒಪ್ಪಬಾರದೆಂದು ಕಲಿಸಿದರು. ಆ ಚಾಳಿ ಈಗ ನನ್ನ ಮೇಲೆಯೇ ತಿರುಗಿದೆ. ನಾನು ಸೊಲ್ಲಾಪುರದ ಒಂದು ಧರ್ಮಾರ್ಥ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ ಎಂಬುದು ಗಟ್ಟಿ. ಮುಂದಿನದರಲ್ಲಿ ನನಗೆ ಅನುಮಾನ ಬಂದಲ್ಲೆಲ್ಲ ಹಾಗೆಂದು ಹೇಳುತ್ತಾ ಹೋಗುತ್ತೇನೆ. ಕೆಲವು ಸಂಗತಿಗಳನ್ನು ಸುಶೀಲಾ ಸಿಸ್ಟರ್ ಜೊತೆ ಕೂತು ತಾಳೆ ನೋಡಿದ್ದೇನೆ. ಭಂಡಾರಕವಠೆಯಿಂದ ಬಂದು ಆ ವಿಭಾಗದಲ್ಲಿ ನರ್ಸ್ ಆಗಿದ್ದವರು ಅವರು. ಅವರ ನೆನಪು ನನ್ನದಕ್ಕಿಂತ ಒಳ್ಳೆಯದು ಎಂದು ಅವರು ಹೇಳುತ್ತಾರೆ. ಅದಕ್ಕೂ ಪುರಾವೆ ಇಲ್ಲ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಅಣ್ಣಾಸಾಹೇಬರು ಎಂದು ಕರೆಯುತ್ತಿದ್ದರು. ಸೊಲ್ಲಾಪುರದ ಪೇಟೆಯ ವ್ಯಾಪಾರಿ ಮನೆತನಗಳಲ್ಲಿ ಅವರ ಕೈಯಲ್ಲಿ ಹುಟ್ಟದ ಮಗು ಕಡಿಮೆ. ಹೆರಿಗೆಯಲ್ಲಿ ಮಗುವಿನ ತಲೆ ಸಿಕ್ಕಿಕೊಂಡಾಗ ಅವರ ಕೈ ಮಾಡುತ್ತಿದ್ದ ಕೆಲಸವನ್ನು ಮತ್ತೆ ಯಾರಲ್ಲೂ ನಾನು ಕಂಡಿಲ್ಲ. ಹೆಂಗಸರು ಅವರನ್ನು ನಂಬುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಅವರು ಪರೀಕ್ಷೆ ಮಾಡುವಾಗ ನೋಡುತ್ತಿರಲಿಲ್ಲ.

ಇದು ಈಗಿನವರಿಗೆ ವಿಚಿತ್ರವೆನಿಸಬಹುದು. ಹೆಂಗಸು ಸೀರೆಯುಟ್ಟುಕೊಂಡೇ ಮೇಜಿನ ಮೇಲೆ ಮಲಗುತ್ತಿದ್ದಳು. ಸಿಸ್ಟರ್ ಸೊಂಟದಿಂದ ಮೊಣಕಾಲಿನವರೆಗೆ ದಪ್ಪ ಚಾದರ ಹೊದಿಸುತ್ತಿದ್ದರು. ಅಣ್ಣಾಸಾಹೇಬರು ಪಕ್ಕದಲ್ಲಿ ನಿಂತು ಚಾದರದ ಕೆಳಗೆ ಕೈಯಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಬೆರಳಿನಿಂದಲೇ ಗರ್ಭಕೋಶವನ್ನು ಅಳೆಯುತ್ತಿದ್ದರು. ‘ಒಮ್ಮೀನೂ ಕಣ್ಣ ಹೊಳ್ಳಿಸಿ ನೋಡಿದವರಲ್ಲ, ದೇವರಂಥ ಮನಷ್ಯಾ’ ಎಂದು ಪೇಟೆಯ ಹೆಂಗಸರು ತಮ್ಮ ಸೊಸೆಯರಿಗೆ ಹೇಳಿ ಕಳಿಸುತ್ತಿದ್ದರು. ದೀಪ ಹಚ್ಚಿ, ಸ್ಪೆಕ್ಯುಲಮ್ ಎಂಬ ಕೊಕ್ಕಿನಂಥ ಉಪಕರಣದಿಂದ ಒಳಭಾಗವನ್ನು ಅಗಲಿಸಿ ನೋಡುವುದನ್ನು ನಾನು ಪುಣೆಯಲ್ಲಿ ಕಲಿತಿದ್ದೆ. ನಮ್ಮಲ್ಲಿಯೂ ಆ ಉಪಕರಣಗಳು ಕಪಾಟಿನಲ್ಲಿದ್ದವು. ಆಪರೇಷನ್ ಕೋಣೆಯ ಹೊರಗೆ ಅವನ್ನು ಬಳಸುವುದು ಮಾತ್ರ ಅಮರ್ಯಾದೆಯ ಕೆಲಸವೆಂದು ಎಲ್ಲರೂ ತಿಳಿದಿದ್ದರು.

ಸುವರ್ಣಾ ಪೇಟೆಯ ಬಟ್ಟೆ ವ್ಯಾಪಾರಿಗಳ ಮನೆಯ ಸೊಸೆ, ಸಲಗರ ಬುದ್ರುಕದ ಮಗಳು. ಮೂವತ್ತಕ್ಕೆ ಬಂದಿರಲಿಲ್ಲ. ಒಬ್ಬ ಮಗಳಿದ್ದಳು, ಅವಳಾದ ಮೇಲೆ ಒಂದು ಬಸಿರು ನಿಲ್ಲದೆ ಇಳಿದುಹೋಗಿತ್ತು. ಬಿಳಿ ಹೋಗುತ್ತದೆಂದು ಅವಳ ಅತ್ತೆ ಗಂಗಾಬಾಯಿ ಅಣ್ಣಾಸಾಹೇಬರ ಹತ್ತಿರ ಕರೆತಂದಿದ್ದರು. ಚಾದರದ ಕೆಳಗೆ ಅವರ ಬೆರಳಿಗೆ ಗರ್ಭಕೊರಳಿನ, ಅಂದರೆ ಗರ್ಭಚೀಲದ ಬಾಯಿಯ ಮೇಲೆ ಗಟ್ಟಿ ಗಂಟುಗಳು ಹತ್ತಿದವು. ಕ್ಯಾನ್ಸರಿನ ಶುರುವಾತು ಇರಬಹುದು, ಪಿಶವಿ ತೆಗೆಸುವುದು ಒಳ್ಳೆಯದು ಎಂದು ಅತ್ತೆಗೆ ಹೇಳಿದರು. ಪಿಶವಿ ಎಂದರೆ ಗರ್ಭಚೀಲ. ಸೊಲ್ಲಾಪುರದಲ್ಲಿ ಕನ್ನಡದವರೂ ಹಾಗೇ ಅನ್ನುತ್ತಾರೆ. ಮುಂದಿನ ವಾರ ಆಪರೇಷನ್ ಎಂದು ನಿಗದಿಯಾಗಿ ಅವಳನ್ನು ವಾರ್ಡಿನಲ್ಲಿ ಸೇರಿಸಿಕೊಂಡೆವು.

ನಾನು ಬೆಳಗಿನ ಸುತ್ತಿನಲ್ಲಿ ರಕ್ತದೊತ್ತಡ ನೋಡುತ್ತಿದ್ದಾಗ ಅವಳು ಸಣ್ಣ ದನಿಯಲ್ಲಿ ಕೇಳಿದಳು.

‘ಡಾಕ್ಟ್ರ, ಪಿಶವಿ ತಗದ್ರ ಮತ್ತ ಕೂಸ ಆಗ್ತಾವಲ್ರಿ?’

ನಾನು ಗಾಬರಿಯಾದೆ. ‘ನಿಮಗ ಯಾರೂ ಹೇಳಿಲ್ಲೇನು?’

‘ನಮ್ಮ ಅತ್ತ್ಯಾರಿಗಿ ಹೇಳ್ಯಾರ. ಅತ್ತ್ಯಾರು ನನಗ, ಬ್ಯಾನಿ ಹೋಗ್ತದ ಅಂದ್ರು.’

ಪಕ್ಕದಲ್ಲಿದ್ದ ಸುಶೀಲಾ ಸಿಸ್ಟರ್ ನನ್ನ ಮುಖ ನೋಡಿದರು. ಹೇಳದೆ ವಿಧಿಯಿರಲಿಲ್ಲ. ಪಿಶವಿ ತೆಗೆದ ಮೇಲೆ ಮಕ್ಕಳಾಗುವುದಿಲ್ಲ ಎಂದೆ. ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ‘ಖರೇನ ಕ್ಯಾನ್ಸರ್ ಅದ ಅಂದ್ರ ತಗೀರಿ. ಖರೇ ಹೌದೋ ಅಲ್ಲೋ ಯಾರ ನೋಡ್ಯಾರ?’ ಎಂದಳು.

ಆ ಪ್ರಶ್ನೆ ನನಗೆ ನಾಟಿತು. ನಿಜವಾಗಿ ಯಾರೂ ನೋಡಿರಲಿಲ್ಲ. ನಾನು ಅವಳ ತೊಂದರೆಗಳನ್ನು ಮತ್ತೆ ಕೇಳಿದೆ. ಮುಟ್ಟಿನ ನಡುವೆ ರಕ್ತ ಹೋಗುವುದಿಲ್ಲ, ಗಂಡನ ಜೊತೆ ಇದ್ದಾಗಲೂ ರಕ್ತ ಕಾಣಿಸಿಲ್ಲ, ಕೆಟ್ಟ ವಾಸನೆಯಿಲ್ಲ, ತೂಕ ಇಳಿದಿಲ್ಲ. ಈ ಉತ್ತರಗಳಿಂದ ಏನೂ ಖಚಿತವಾಗುವುದಿಲ್ಲ. ಆದರೂ ಚೀಲ ತೆಗೆಯುವ ಮೊದಲು ಒಮ್ಮೆ ಕಣ್ಣಿಟ್ಟು ನೋಡಬೇಕೆನ್ನುವಷ್ಟು ಅನುಮಾನಕ್ಕೆ ಸಾಕಿತ್ತು.

ಮಧ್ಯಾಹ್ನ ಗಂಗಾಬಾಯಿ ಬುತ್ತಿ ತಂದಾಗ ವಿಷಯ ಎತ್ತಿದೆ. ದೊಡ್ಡ ಕುಂಕುಮ, ಇಳಕಲ್ ಸೀರೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಗಂಡನ ಬದಲು ತಾವೇ ಕೂತು ವ್ಯವಹಾರ ಮಾಡುವ ಹೆಂಗಸು. ನಾನು ಹೇಳಿದ್ದು ಮುಗಿಯುವ ಮೊದಲೇ ಅವರು ತಲೆಯಾಡಿಸಿದರು.

‘ನೋಡೂದಂದ್ರ? ದೀಪಾ ಹಚ್ಚಿ?’

‘ಹೌದ್ರಿ.’

‘ಅಯ್ಯ ಶಿವನ! ಅಣ್ಣಾಸಾಹೇಬ್ರು ಇಷ್ಟ ವರ್ಷ ಬರೇ ಕೈಯಾಡಿಸಿ ಹೇಳ್ಯಾರ. ನಿಮ್ಮಂಥ ಹುಡುಗ್ರು ಹಣಿಕಿ ಹಾಕಿ ನೋಡಿ ಏನ್ ಹೊಸಾದ ಹೇಳವ್ರು?’

ಸುಶೀಲಾ ಸಿಸ್ಟರ್ ತಡೆಯಲಾರದೆ ನಡುವೆ ಬಾಯಿ ಹಾಕಿದರು. ‘ಹಲ್ಲ ನೋವಾದ್ರ ಡಾಕ್ಟರ್ ಮುಂದ ಬಾಯಿ ತಗೀತೀರಿಲ್ಲೋ ಬಾಯಾರ? ಗಲ್ಲದ ಮ್ಯಾಲ ಕೈಯಾಡಿಸಿ ಹಲ್ಲ ಕೀಳ್ರಿ ಅಂತೀರೇನು?’

‘ನೀ ಸುಮ್ಕಿರ ಸಿಸ್ಟರ್. ಬಾಯಿ ಬ್ಯಾರೆ, ಇದು ಬ್ಯಾರೆ. ಕ್ಯಾನ್ಸರ್ ಅಂದ ಮ್ಯಾಲ ಯಾಳೇ ಕಳೀಬಾರ್ದು. ಲಗೂ ತಗದ ಒಗೀಬೇಕು.’

ಅಷ್ಟರಲ್ಲಿ ಹಾಸಿಗೆಯ ಮೇಲಿಂದ ಸುವರ್ಣಾ ಮಾತಾಡಿದಳು. ಅತ್ತೆಯ ಎದುರು ಅವಳು ಎದುರುಮಾತು ಆಡಿದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲವೆಂದು ಸಿಸ್ಟರ್ ಈಗಲೂ ಹೇಳುತ್ತಾರೆ.

‘ಅತ್ತಿ, ನಮ್ಮ ಅಂಗಡ್ಯಾಗ ಗಿರಾಕಿ ಬಂದ್ರ ಸೀರಿ-ಪತ್ತಲಾ ಬಿಚ್ಚಿ, ಬಾಗಲದಾಗ ಬಿಸಲಿಗಿ ಹಿಡದು ತೋರಸ್ತೀರಿ. ಕಣ್ಣ ಮುಚ್ಚಿ ಮುಟ್ಟಿ ತಗೊಂಡ ಹೋಗ್ರಿ ಅಂತೀರೇನ್ರಿ? ನಂದು ಒಂದ ಪಿಶವಿ ಅದರಿ. ಒಗದ ಮ್ಯಾಲ ಹೊಳ್ಳಿ ಸಿಗೂದಿಲ್ಲ.’

ಗಂಗಾಬಾಯಿ ಬುತ್ತಿಯ ಗಂಟು ಬಿಚ್ಚುತ್ತಿದ್ದವರು ಹಾಗೇ ನಿಂತರು. ಸಿಟ್ಟು ಬಂದಿದೆಯೆಂದು ನಾನು ತಿಳಿದೆ. ಬುತ್ತಿಯನ್ನು ಪಕ್ಕಕ್ಕಿಟ್ಟು, ‘ನೋಡ್ರಿ. ಆದ್ರ ನಾ ಅಲ್ಲೇ ನಿಂದರ್ತೀನಿ, ಆ ಚಾದರ್ ತಗಿಯಂಗಿಲ್ಲ’ ಎಂದರು.

ಚಾದರ ತೆಗೆಯಲಿಲ್ಲ. ಸುಶೀಲಾ ಸಿಸ್ಟರ್ ಅದನ್ನು ಎರಡೂ ಮೊಣಕಾಲಿನ ಮೇಲಿಂದ ಗುಡಾರದ ಹಾಗೆ ಇಳಿಬಿಟ್ಟು, ನಡುವೆ ಬೇಕಾದಷ್ಟೇ ಜಾಗ ಬಿಟ್ಟರು. ಇದು ನನ್ನ ಉಪಾಯವೆಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ, ತಮ್ಮದೆಂದು ಅವರು ಹೇಳುತ್ತಾರೆ. ಇಬ್ಬರೂ ಬಿಟ್ಟುಕೊಟ್ಟಿಲ್ಲ. ಪರೀಕ್ಷೆಯ ಕೋಣೆಯಲ್ಲಿ ತಕ್ಕ ದೀಪವಿರಲಿಲ್ಲವಾದ್ದರಿಂದ ಅವರೇ ಬ್ಯಾಟರಿ ಹಿಡಿದರು. ನಾನು ಒಂದೊಂದು ಹೆಜ್ಜೆಗೂ ಮುಂಚೆ ಏನು ಮಾಡುತ್ತೇನೆಂದು ಸುವರ್ಣಾಗೆ ಹೇಳಿ, ಅವಳು ಹ್ಞೂಂ ಅಂದ ಮೇಲೆ ಮುಂದುವರಿದೆ.

ಬೆಳಕಿನಲ್ಲಿ ಗರ್ಭಕೊರಳು ತಿಳಿಗುಲಾಬಿ ಬಣ್ಣದಲ್ಲಿ ನುಣ್ಣಗೆ ಕಂಡಿತು. ಅದರ ಮೇಲೆ ಮೂರು ಗುಳ್ಳೆಗಳು, ಸಿಸ್ಟರ್ ಲೆಕ್ಕದಲ್ಲಿ ಎರಡು. ನೆನೆಸಿಟ್ಟ ಸಾಬೂದಾಣಿಯ, ಅಂದರೆ ಸಬ್ಬಕ್ಕಿಯ ಕಾಳಿನ ಹಾಗೆ, ಅರೆಪಾರದರ್ಶಕ, ಸ್ವಲ್ಪ ಹಳದಿ. ಗುಳ್ಳೆಯ ಮೇಲೆ ಕೂದಲೆಳೆಯಂಥ ರಕ್ತನಾಳಗಳು ಕ್ರಮವಾಗಿ ಕವಲೊಡೆದಿದ್ದವು. ಹುಣ್ಣಿಲ್ಲ, ಒರಟಾಗಿ ಬೆಳೆದ ಮಾಂಸವಿಲ್ಲ, ಹತ್ತಿಯಿಂದ ಒರೆಸಿದರೆ ರಕ್ತವಿಲ್ಲ.

ರಿಪೋರ್ಟಿನಲ್ಲಿ ‘ನಬೋಥಿಯನ್ ಸಿಸ್ಟ್’ ಎಂದು ಬರೆಯುವ ಈ ಗುಳ್ಳೆ ಏನೆಂದು ಹೊಸಬರಿಗಾಗಿ ಹೇಳುತ್ತೇನೆ. ಗರ್ಭಕೊರಳಿನಲ್ಲಿ ಲೋಳೆ ಒಸರುವ ಸಣ್ಣ ಸಣ್ಣ ಗ್ರಂಥಿಗಳಿವೆ. ಹೆರಿಗೆಯ ನಂತರವೋ ಬಾವು ಬಂದು ಮಾಯುವಾಗಲೋ ಮೇಲ್ಪದರ ಹೊಸದಾಗಿ ಬೆಳೆದು ಕೆಲವು ಗ್ರಂಥಿಗಳ ಬಾಯಿಯನ್ನು ಮುಚ್ಚಿಬಿಡುತ್ತದೆ. ಒಳಗೆ ಲೋಳೆ ನಿಂತು ಗುಳ್ಳೆಯಾಗುತ್ತದೆ. ಮಕ್ಕಳನ್ನು ಹೆತ್ತ ಹೆಂಗಸರಲ್ಲಿ ಇದು ತೀರ ಸಾಮಾನ್ಯ. ನೋಯುವುದು ಅಪರೂಪ, ಕ್ಯಾನ್ಸರಾಗಿ ತಿರುಗುವುದಿಲ್ಲ, ಬಸಿರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ತುಂಬಿ ಬಿಗಿಯಾದ ಗುಳ್ಳೆ ಬೆರಳಿಗೆ ಮಾತ್ರ ಕಾಳಿನಷ್ಟು ಗಟ್ಟಿಯಾಗಿ ಹತ್ತುತ್ತದೆ. ಅಣ್ಣಾಸಾಹೇಬರ ಬೆರಳು ಸುಳ್ಳು ಹೇಳಿರಲಿಲ್ಲ. ಗಂಟು ಇದ್ದದ್ದು ನಿಜ.

‘ಏನದ ಅದು?’ ಎಂದು ಗಂಗಾಬಾಯಿ ಗೋಡೆ ನೋಡುತ್ತಲೇ ಕೇಳಿದರು.

‘ಉಪವಾಸದ ದಿನಾ ಸಾಬೂದಾಣಿ ನೆನಸ್ತೀರಲ್ರಿ, ಹಂಗ ಕಾಣ್ತದ. ಕ್ಯಾನ್ಸರ್ ಹೀಂಗ ಇರೂದಿಲ್ಲ.’

‘ಸಾಬೂದಾಣಿ!’ ಎಂದರು. ಆದರೆ ತಿರುಗಿ ನೋಡಲಿಲ್ಲ.

ನನ್ನ ಕಣ್ಣನ್ನಷ್ಟೇ ನಂಬುವುದೂ ಸರಿಯಲ್ಲವೆಂದು ಗರ್ಭಕೊರಳಿನ ಮೇಲಿನಿಂದ ಜೀವಕೋಶಗಳನ್ನು ಕೆರೆದು ಗಾಜಿನ ಮೇಲೆ ಹಚ್ಚಿ, ಸಣ್ಣ ಚೂರೊಂದನ್ನೂ ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಿದೆ. ಫಲಿತಾಂಶ ಬರುವುದಕ್ಕೆ ಮೊದಲೇ ಆಪರೇಷನ್ನಿನ ದಿನ ಬರುವುದಿತ್ತು. ಆದ್ದರಿಂದ ಅದೇ ಸಂಜೆ ಅಣ್ಣಾಸಾಹೇಬರ ಮುಂದೆ ಹೋಗಿ ನಿಂತೆ.

‘ಯಾರನ್ನ ಕೇಳಿ ನೋಡಿದಿ?’

‘ಆಕಿನ್ನ ಕೇಳಿ ನೋಡಿದೆ ಸಾಹೇಬ್ರ.’

ಅವರು ಕನ್ನಡಕ ತೆಗೆದು ಒರೆಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ‘ನನ್ನ ಬೆರಳಿಗಿ ಗಂಟ ಹತ್ಯಾವ. ಇಲ್ಲಂತೀಯೇನು?’

‘ಹತ್ಯಾವರಿ. ಗಂಟ ಅವ. ಯಾತರ ಗಂಟ ಅನ್ನೂದ ಬೆರಳಿಗಿ ತಿಳಿಯೂದಿಲ್ಲ.’

ಇಷ್ಟು ಧೈರ್ಯವಾಗಿ ನಿಜಕ್ಕೂ ಹೇಳಿದೆನೋ, ಆಮೇಲೆ ನೆನಪಿನಲ್ಲಿ ತಿದ್ದಿಕೊಂಡೆನೋ ಗೊತ್ತಿಲ್ಲ. ಬಹುಶಃ ತೊದಲಿರಬೇಕು. ಅವರು ಮಾತ್ರ ಎದ್ದು ವಾರ್ಡಿನ ಕಡೆ ನಡೆದದ್ದು ನಿಜ. ಸುವರ್ಣಾ ಮತ್ತೆ ಮೇಜಿನ ಮೇಲೆ ಮಲಗಿದಳು. ಅಣ್ಣಾಸಾಹೇಬರು ಅಭ್ಯಾಸದಂತೆ ಪಕ್ಕದಲ್ಲಿ ನಿಂತು ಗೋಡೆಗೆ ಮುಖ ಮಾಡಿದರು. ಆಮೇಲೆ ನಿಧಾನವಾಗಿ ಬಂದು ಸ್ಟೂಲಿನ ಮೇಲೆ ಕೂತು, ‘ತಂಗೀ, ನೋಡ್ಲ್ಯಾ?’ ಎಂದರು. ಅವಳು ‘ನೋಡ್ರೀಯಪ್ಪಾ’ ಎಂದಳು.

ಬಹಳ ಹೊತ್ತು ನೋಡಿದರು. ‘ಸಿಸ್ಟರ್, ಸೂಜಿ’ ಎಂದು ಕೈ ಚಾಚಿ ಒಂದು ಗುಳ್ಳೆಯನ್ನು ಚುಚ್ಚಿದರು. ತಿಳಿಯಾದ ಲೋಳೆ ಹೊರಬಂತು. ಅದನ್ನು ಗಾಜಿನ ಮೇಲೆ ಹಾಕಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಗಾಬಾಯಿಯ ಹತ್ತಿರ ತಾವೇ ಹೋದರು.

‘ಬಾಯಾರ, ನಾ ಹೇಳಿದ್ದ ಚುಕ್ಕಿತು, ತಪ್ಪಾತು. ಇದು ಬರೇ ಲೋಳಿ. ತಪಾಸಣಿ ಕಾಗದಾ ಬರೂ ತನಕಾ ಆಪರೇಷನ್ ಮಾಡೂದಿಲ್ಲ. ಬರೋಬರಿ ಬಂತಂದ್ರ ಮನಿಗಿ ಕರಕೊಂಡ ಹೋಗ್ರಿ.’

ಗಂಗಾಬಾಯಿ ಗಾಜನ್ನೂ ಅವರ ಮುಖವನ್ನೂ ನೋಡಿದರು. ‘ಚುಕ್ಕಲಿ ಬಿಡ್ರಿ ಸಾಹೇಬ್ರ. ಹಿಂಥಾ ತಪ್ಪಿಗಿ ನಾ ಪೇಟಿಗೆಲ್ಲಾ ಪೇಢಾ ಹಂಚ್ತೀನಿ’ ಎಂದವರು ಗೋಡೆಗೆ ಒರಗಿ ಕೂತರು. ಫಲಿತಾಂಶ ಸರಿಯಾಗಿಯೇ ಬಂತು. ಸುವರ್ಣಾ ಪಿಶವಿಯನ್ನು ಇಟ್ಟುಕೊಂಡೇ ಮನೆಗೆ ಹೋದಳು. ಪೇಢೆ ನಮ್ಮ ವಾರ್ಡಿಗೂ ಬಂತು.

ಸೂಜಿ ಚುಚ್ಚಿದ್ದನ್ನು ಓದಿ ಯಾರೂ ಅದನ್ನೇ ಚಿಕಿತ್ಸೆಯೆಂದು ತಿಳಿಯಬಾರದು. ಇಂಥ ಗುಳ್ಳೆಗೆ ಏನೂ ಮಾಡಬೇಕಿಲ್ಲ. ತೀರ ದೊಡ್ಡದಾಗಿ ತೊಂದರೆ ಕೊಟ್ಟರೆ, ಅಥವಾ ನೋಡಲು ಅಡ್ಡಿಯಾದರೆ ಮಾತ್ರ ಕೈ ಹಚ್ಚಬೇಕು. ನಮ್ಮ ಕಾಲದಲ್ಲಿ ಗರ್ಭಕೊರಳಿನ ಮೇಲೆ ಏನು ಕಂಡರೂ ಕಾಯಿಸಿದ ತಂತಿಯಿಂದ ಸುಡುವ ಹುಚ್ಚು ಹಿಡಿದಿತ್ತು. ಸುಟ್ಟ ಜಾಗ ಮಾಯುವಾಗ ಮತ್ತಷ್ಟು ಗ್ರಂಥಿಗಳ ಬಾಯಿ ಮುಚ್ಚಿ, ಒಂದು ಗುಳ್ಳೆಗೆಂದು ಬಂದವಳು ನಾಲ್ಕು ಗುಳ್ಳೆ ಹೊತ್ತು ಬರುತ್ತಿದ್ದಳು. ಅವನ್ನೂ ಸುಡುತ್ತಿದ್ದೆವು. ಇದನ್ನು ಗಮನಿಸಿ ನಿಲ್ಲಿಸಲು ನಮಗೆ ಕೆಲವು ವರ್ಷಗಳೇ ಬೇಕಾದವು.

ಎಲ್ಲ ಗಂಟುಗಳನ್ನೂ ಸಾಬೂದಾಣಿ ಎಂದು ಕಳಿಸುವ ಉತ್ಸಾಹವೂ ಒಳ್ಳೆಯದಲ್ಲ. ಹುಲಜಂತಿಯ ಕಡೆಯಿಂದ ಬಂದ ಒಬ್ಬಾಕೆಯಲ್ಲಿ ಮುಟ್ಟಿದರೆ ಪುಡಿಯಾಗಿ ರಕ್ತ ಒಸರುವ ಬೆಳವಣಿಗೆ ಕಂಡಿತು. ದೂರದ ದೊಡ್ಡ ಆಸ್ಪತ್ರೆಗೆ ಕೂಡಲೇ ಕಳಿಸಿದೆವು, ಬೇಗ ಕಂಡದ್ದರಿಂದ ಆಕೆ ಉಳಿದಳು. ನೋಡುವ ರೂಢಿ ಎರಡೂ ಕಡೆ ಕೆಲಸ ಮಾಡಿತು. ಅಣ್ಣಾಸಾಹೇಬರು ಪರೀಕ್ಷೆಯ ಕೋಣೆಗೆ ಬಾಗುವ ಕತ್ತಿನ ದೀಪ ತರಿಸಿದರು. ಗುಡಾರದ ಚಾದರ ಕಾಯಂ ಆಯಿತು. ನೋಡಬೇಕೆಂದ ಹೆಂಗಸರಿಗೆ ಸಿಸ್ಟರ್ ಕೈಗನ್ನಡಿ ಹಿಡಿದು ತೋರಿಸುತ್ತಿದ್ದರು. ಮೊದಮೊದಲು ಎಲ್ಲರೂ ‘ಛೀ’ ಅನ್ನುತ್ತಿದ್ದರು. ಆಮೇಲೆ ‘ಇಲ್ಲಿ ಕೊಡ್ರಿ’ ಎಂದು ಕನ್ನಡಿ ತಾವೇ ಹಿಡಿಯತೊಡಗಿದರು.

ನನಗೆ ಒಂದೇ ಕಡೆ ಕೂರುವ ಸ್ವಭಾವವಿಲ್ಲ. ಅಕ್ಕಲಕೋಟೆಯಲ್ಲಿ ಗುರುವಾರದ ದವಾಖಾನೆ ಶುರುವಾಗುತ್ತದೆಂದಾಗ ನಾನೇ ಕೇಳಿ ಆ ಕೆಲಸ ತೆಗೆದುಕೊಂಡೆ. ಸುಶೀಲಾ ಸಿಸ್ಟರೂ ಬರುತ್ತಿದ್ದರು. ಗುರುವಾರ ಅಲ್ಲಿಯ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಬರುವವರಿಂದ ಎಸ್‌ಟಿ ಬಸ್ಸು ತುಂಬಿರುತ್ತಿತ್ತು. ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಪ್ರಸಾದ ಮುಗಿಸಿಯೇ ಬರುತ್ತಿದ್ದರು. ಅಂಥ ಒಂದು ಗುರುವಾರ ಬಾಗಿಲಲ್ಲಿ ಗಂಗಾಬಾಯಿ ಕಾಣಿಸಿದರು. ಹಿಂದೆ ಸುವರ್ಣಾ, ತುಂಬಿದ ಬಸುರಿ.

ಅವಳನ್ನು ನೋಡಿ ನಾನು ಎದ್ದು ನಿಂತೆ. ‘ಎಷ್ಟ ತಿಂಗಳಾದ್ವು?’

‘ಏಳರಾಗ ಅದೀನ್ರಿ. ಅಣ್ಣಾಸಾಹೇಬ್ರು ತಪಾಸಣಿ ಮಾಡ್ಯಾರ. ಇವತ್ತ ನಂದಲ್ರಿ,’ ಎಂದು ನಕ್ಕು ಅತ್ತೆಯ ಕಡೆ ನೋಡಿದಳು.

ಗಂಗಾಬಾಯಿ ಕುರ್ಚಿಯ ಮೇಲೆ ಕೂತರು. ಬೇರೆ ರೋಗಿಗಳು ಹೋದ ಮೇಲೆ ಬಾಗಿಲು ಹಾಕಿಸಿದರು.

‘ನಮ್ಮ ಅಕ್ಕ ಪಿಶವಿ ಬಾಯಿ ಕ್ಯಾನ್ಸರಿಗೇ ಹೋದ್ಲು ಡಾಕ್ಟ್ರ. ಯಾರಿಗೂ ತೋರಸಲಿಲ್ಲ, ಹೇಳಲೂ ಇಲ್ಲ. ಅವತ್ತಿನಿಂದ ನಂಗೂ ಅದ ಅಂಜಿಕಿ. ಈಕಿಗಿ ಗಂಟ ಅಂದ ಕೂಡ್ಲೇ ತಲಿ ನಿಲ್ಲಲಿಲ್ಲ, ತಗಸಿ ಬಿಡೂಣು ಅಂದೆ.’ ಸೆರಗು ಸರಿಮಾಡಿಕೊಂಡರು. ‘ನನಗೂ ಬಿಳಿ ಹೋಗ್ತದ. ಎಷ್ಟ ದಿನಾ ಆತೋ. ಸೊಲ್ಲಾಪುರದಾಗ ಪೇಟಿ ಮಂದಿ ಎಲ್ಲಾ ಗುರ್ತಿನವ್ರು. ಅದಕ್ಕ ಇಲ್ಲಿ ಬಂದೀನಿ. ನಂದೂ ನೋಡ್ರಿ.’

‘ದೀಪಾ ಹಚ್ಚಿ ನೋಡ್ತೀನ್ರಿ ಮತ್ತ,’ ಎಂದೆ.

‘ಹಚ್ರಿ. ಹಚ್ಚದ ಏನ ಕಂಡೀತು?’

ಸುಶೀಲಾ ಸಿಸ್ಟರ್ ಚಾದರ ಹೊದಿಸಿದರು. ಗಂಗಾಬಾಯಿ ಮೇಜಿನ ಮೇಲೆ ಮಲಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಸುವರ್ಣಾ ಒಂದು ಕೈಯಿಂದ ಅವರ ಕೈ ಹಿಡಿದುಕೊಂಡಳು. ಕನ್ನಡಿ ಬೇಕೇ ಎಂದು ಸಿಸ್ಟರ್ ಕೇಳಿದಾಗ ಗಂಗಾಬಾಯಿ ತಲೆಯಲ್ಲಾಡಿಸಿ, ‘ನನ್ನ ಕೈಲೆ ಆಗೂದಿಲ್ಲ. ಆಕಿ ನೋಡ್ಲಿ’ ಎಂದರು.

ನಾನು ದೀಪ ಸರಿಮಾಡಿದೆ. ವಯಸ್ಸಿಗೆ ತಕ್ಕಂತೆ ತೆಳುವಾದ, ಒಣಗಿದ ಪದರ. ಸ್ವಲ್ಪ ಕೆಂಪು, ಔಷಧಿಗೆ ಬಗ್ಗುವಂಥದ್ದು. ಒಂದು ಮೂಲೆಯಲ್ಲಿ ಹಳೆಯದೊಂದು ಸಣ್ಣ ಗುಳ್ಳೆ. ಅವರು ಯಾವುದಕ್ಕೆ ಹೆದರಿಕೊಂಡು ಬದುಕಿದ್ದರೋ ಅಂಥದ್ದು ಏನೂ ಕಾಣಲಿಲ್ಲ. ಜೀವಕೋಶಗಳನ್ನು ಗಾಜಿಗೆ ಹಚ್ಚಿ ಆಮೇಲೆ ತಪಾಸಣೆಗೆ ಕಳಿಸಿದೆವು, ಅದೂ ಚೆನ್ನಾಗಿಯೇ ಬಂತು. ಆದರೆ ಆ ಹೊತ್ತಿಗೆ ನಾನು ಬಾಯಿ ತೆರೆಯುವ ಮೊದಲೇ ಸುವರ್ಣಾ ಹೊಟ್ಟೆಯ ಮೇಲೊಂದು ಕೈಯಿಟ್ಟು, ಕಷ್ಟಪಟ್ಟು ಬಗ್ಗಿ, ಬೆಳಕಿನಲ್ಲಿ ನೋಡುತ್ತಿದ್ದಳು.

‘ಏನ್ ಕಾಣ್ತದ ಸುವರ್ಣಾ?’ ಗಂಗಾಬಾಯಿ ಕಣ್ಣು ಮುಚ್ಚಿಕೊಂಡೇ ಕೇಳಿದರು.

‘ಏನಿಲ್ರಿ ಅತ್ತಿ. ಚಂದ ಅದ.’